ರ‍್ಯಾಲಿ ಕಾರು ಮತ್ತು ರೋಡ್ ಹಂಪ್

ಎರಡನೇ ಮಹಾಯುದ್ಧಕ್ಕೂ ಮುಂಚಿನ, ಘಟ್ಟದ ರ‍್ಯಾಲಿಗಳಲ್ಲಿ ಗೆದ್ದಿದ್ದ ತೆರೆದ ಸ್ಪೋರ್ಟ್ಸ್ ಕಾರೊಂದು ಹೊಸ ಬಣ್ಣ ಬಳಿಸಿಕೊಂಡು ಹಳೆಯ ಕಾರುಗಳ ಸ್ಪರ್ಧೆಗೆ ಹೊರಟಿತು. ಬೀದಿಯ ಕೊನೆಯಲ್ಲಿ ರೋಡ್ ಹಂಪ್ ಅಡ್ಡ ಮಲಗಿತ್ತು. ನೇರ ಹೋದರೆ ಹೊಟ್ಟೆ ಉಜ್ಜುತ್ತದೆ. ಹೋಗದಿದ್ದರೆ ಬಹುಮಾನ ಬೇರೆಯವರ ಪಾಲು.

“ಆಚೆ ಸರಿ. ನಾನು ಹೊಳೆಗಳನ್ನೇ ದಾಟಿದವನು,” ಎಂದಿತು ಕಾರು.

“ಇರಬಹುದು ಸ್ವಾಮಿ. ಹೊಳೆ ಹರಿದು ಹೋಗುತ್ತದೆ, ನಾನು ಹೋಗುವುದಿಲ್ಲ,” ಎಂದಿತು ಹಂಪ್.

ಹಿಂದೆ ಬಂದ ಆಟೋ ಹೇಳಿತು: “ಯಜಮಾನ್ರೇ, ಓರೆಯಾಗಿ ಹತ್ತಿ. ಒಂದೊಂದೇ ಚಕ್ರ. ಹೊಟ್ಟೆಗೆ ತಾಗಲ್ಲ.”

“ನಾನು ಎಂದೂ ಓರೆಯಾಗಿ ಹೋದವನಲ್ಲ.”

“ಹಾಗಾದರೆ ಸಂಜೆವರೆಗೂ ನೆಟ್ಟಗೆ ನಿಂತಿರಿ.”

ಆಟೋ, ಹಂಪ್ ಬಿಟ್ಟು ಬೇರಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಾರು ಓರೆಯಾಗಿ ದಾಟಿತು.

ಸ್ಪರ್ಧೆಯಲ್ಲಿ ಉಳಿದ ಕಾರುಗಳಿಗೆ ಅದು ಅಂದು ಬೆಳಿಗ್ಗೆ ತಾನು ಬೆಟ್ಟವೊಂದನ್ನು ಹತ್ತಿ ಇಳಿದ ಕಥೆ ಹೇಳಿತು. ಆ ಕಥೆಯಲ್ಲಿ ಆಟೋ ಇರಲಿಲ್ಲ.