ದೋಷ ಇಲ್ಲ ಅಂದ ಗಾಡಿ

ಹೊಳೆದಂಡೆಯ ಮಠದಲ್ಲಿ ಗಂಗಯ್ಯಜ್ಜರು ಇದ್ದರು. ಅವರ ಶಿಷ್ಯ ಅಡಿವೆಪ್ಪ ಮಠದ ಕಾರು ಹೊಡೆಯುತ್ತಿದ್ದ. ಒಳ್ಳೆಯವನೇ, ಸುಳ್ಳು ಯಾಕೆ ಹೇಳಲಿ. ಆದರೆ ಗಾಡಿಯ ದೋಷ ಹೇಳುವ ಸ್ಕ್ಯಾನರ್ ತಂದ ಮೇಲೆ ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ.

ಬೆಂಕಿಪೊಟ್ಟಣದಷ್ಟು ಡಬ್ಬಿ ಅದು. ಸ್ಟೇರಿಂಗ್ ಕೆಳಗೆ ಸಿಗಿಸಿದರೆ ಸಾಕು, ತಂತಿಯಿಲ್ಲದೆ ಗಾಡಿಯ ಆರೋಗ್ಯವೆಲ್ಲ ಫೋನಿನಲ್ಲಿ ಕಾಣುತ್ತಿತ್ತು.

ಅವತ್ತು ಮಟಮಟ ಮಧ್ಯಾಹ್ನ. ಅಡಿವೆಪ್ಪನ ತಂಗಿ ನೀಲವ್ವನಿಗೆ ದಿನ ತುಂಬಿದ್ದವು. ಇಳಿಜಾರು ಇಳಿದು, ಸೇತುವೆ ದಾಟಿ, ಆಚೆ ದಂಡೆಯ ಆಸ್ಪತ್ರೆಗೆ ಸೇರಿಸಬೇಕಿತ್ತು.

“ಅಣ್ಣಾ, ಬ್ರೇಕ್ ಒತ್ತಿದ್ರ ತಳಕ್ಕ ಹೋಗ್ತೈತಿ ಅಂತ ಮುಂಜಾನೆ ನೀನ ಅಂದಿದ್ದಿಯಲ್ಲ?”

“ಫೋನಿನ್ಯಾಗ ನೋಡೀನಿ ಬಿಡವ್ವಾ. ದೋಷ ಇಲ್ಲ ಅಂತೈತಿ. ಹತ್ತು.”

ಅಜ್ಜರು ಬಂದು ಗಾಡಿಗೆ ಅಡ್ಡ ನಿಂತರು.

“ಇನ್ನೂ ಹೆರಿಗಿ ಬ್ಯಾನಿ ಹತ್ತಿಲ್ಲಲ್ಲ. ಗಾಡಿ ಮೇಸ್ತ್ರಿ ಬಂದು ನೋಡೂ ತನಕ ತಡಿಯಪ್ಪಾ.”

“ಮೇಸ್ತ್ರಿಗಿಂತ ಇದ ಖರೆ ಹೇಳ್ತೈತ್ರೀ ಅಜ್ಜಾರ.”

“ಹೌದಾ? ಹಂಗಾರ ಆ ಡಬ್ಬಿ ಕಿತ್ತು ನನ್ನ ಕೈಯಾಗ ಕೊಡು. ಫೋನ್ ಹಿಡ್ಕೊಂಡು ಬಾ.”

ನೀಲವ್ವ ಮಠದ ಕಟ್ಟೆಯ ಮೇಲೆ ಕೂತಳು. ಇಬ್ಬರೂ ಹೊಳೆಗೆ ಇಳಿದರು. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ಅಜ್ಜರು ಡಬ್ಬಿಯನ್ನು ಜೋಳಿಗೆಯೊಳಗೆ ಹಾಕಿಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂತರು.

“ಈಗ ಫೋನಿಗೆ ಕೇಳು.”

“ಏನ್ ಕೇಳ್ಲಿ? ಡಬ್ಬಿ ನಿಮ್ಮ ಜೋಳಗ್ಯಾಗ ಐತಿ. ಗಾಡಿ ಮಠದ ಮುಂದ ನಿಂತೈತಿ. ಇಲ್ಲಿ ಏನೈತ್ರೀ, ಬರೇ ನೀರು!”

“ಕೇಳಪ್ಪಾ.”

ಅಡಿವೆಪ್ಪ ನಗುತ್ತಲೇ ಫೋನ್ ಒತ್ತಿದ. ಅದು ಸ್ವಲ್ಪ ಹೊತ್ತು ಹುಡುಕಿತು. ಆಮೇಲೆ ಯಾವುದೋ ಡಬ್ಬಿಗೆ ಜೋಡಣೆ ಆಯಿತು. ತೆರೆಯ ಮೇಲೆ ಒಂದು ಹೆಸರು ಬಂತು.

“ಮರುಳಯ್ಯ ಅಂತ ಬಂತು. ಯಾರ್ರೀ ಇವ?”

“ನಿನಗಿಂತ ಮೊದ್ಲ ಮಠದ ಗಾಡಿ ಹೊಡೀತಿದ್ದಾವ. ಅವನ ಹತ್ರನೂ ಇಂಥಾದ್ದ ಒಂದು ಡಬ್ಬಿ ಇತ್ತು, ಅದಕ್ಕ ತನ್ನ ಹೆಸರ ಇಟ್ಟಿದ್ದ. ಈ ಇಳಿಜಾರಿನ್ಯಾಗ ಬಂದ, ಗಾಡಿ ನಿಲ್ಲಲಿಲ್ಲ, ಹೊಳಿಗೆ ಬಿತ್ತು. ಮೂರು ಊರಿನ ಈಜುಗಾರರು ಮುಳುಗಿ ಹುಡುಕಿದ್ರು. ಗಾಡಿ ಸಿಗಲಿಲ್ಲ. ಅವನೂ ಸಿಗಲಿಲ್ಲ.”

ನಡುಹೊಳೆಯಲ್ಲಿ ಗುಳ್ಳೆ ಏಳುತ್ತಿದ್ದವು. ಅಡಿವೆಪ್ಪ ಮತ್ತೆ ಫೋನಿನತ್ತ ಬಗ್ಗಿದ.

“ಅಜ್ಜಾರ... ಇಂಜಿನ್ ಚಾಲೂ ಐತಿ ಅಂತ ತೋರಸಾಕ್ಹತ್ತೈತ್ರೀ! ಬಿಸಿನೂ ತೋರಸ್ತೈತಿ! ಅಯ್ಯೋ ಶಿವನ, ಯಾರೋ ಈಗ ಆಕ್ಸಿಲೇಟರ್ ಒತ್ತಿದ್ರು!”

ಅಜ್ಜರು ಫೋನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಲ್ಲಿ ಕಟ್ಟೆಯಲ್ಲಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ ನೀಲವ್ವನನ್ನು ನೋಡುತ್ತಿದ್ದರು.

“ದೋಷ ಏನರ ಐತೇನ್ ನೋಡು.”

ಅಡಿವೆಪ್ಪ ನೋಡಿದ.

“ಇಲ್ರೀ. ಒಂದೂ ಇಲ್ಲ ಅಂತೈತಿ.”

“ಅವಂಗೂ ಹಂಗ ಅಂದಿತ್ತು.”