ಸಾಹೇಬರ ಒಂದು ತುತ್ತು

ಡಿಟೇಶನ್ನೋ ಡಿಕ್ಟೇಶನ್ನೋ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ನೀಲವ್ವನ ತಲೆಗೆ ಆ ಪದ ಪೂರ್ತಿ ಹತ್ತಲಿಲ್ಲ. ಇಂಗ್ಲಿಷ್ ಪದ ಕೇಳಿ ಬರೆಯುವ ಅದರಲ್ಲಿ ತಪ್ಪಿದ ಮೂರನೇ ತರಗತಿಯ ಮಕ್ಕಳಿಗೆ ಇವತ್ತು ಊಟವಿಲ್ಲ ಎಂದು ತಪಾಸಣೆಗೆ ಬಂದ ಸಾಹೇಬರು ಹೇಳಿದ್ದು ಮಾತ್ರ ಚೆನ್ನಾಗಿ ಹತ್ತಿತು.

"ಇಂಗ್ಲಿಷಿನಲ್ಲಿ ಕೇಳಿಸದ ಅಕ್ಷರವನ್ನೂ ಬರೆಯಬೇಕು. ನಿಯಮ ಅಂದರೆ ನಿಯಮ," ಎನ್ನುತ್ತಾ ಸಾಹೇಬರು ತಟ್ಟೆಯ ಮುಂದೆ ಕೂತರು.

ನೀಲವ್ವ ಒಂದೇ ತುತ್ತು ಬಡಿಸಿ, ಪಕ್ಕದಲ್ಲಿ ರುಚಿ ನೋಡಿದವರು ಬರೆಯುವ ಪುಸ್ತಕವನ್ನಿಟ್ಟಳು.

"ನಮ್ಮದೂ ಒಂದು ನಿಯಮ ಐತ್ರೀ ಸಾಹೇಬ್ರ. ದೊಡ್ಡವರು ರುಚಿ ನೋಡಿ, ಏನು ತಿಂದೆ ಅಂತ ಇದರಾಗ ಬರದ ಮ್ಯಾಲೇ ಊಟ. ಇವತ್ತು ಇಂಗ್ಲಿಷಿನ್ಯಾಗ ಬರೀರಿ. ಹೀರೇಕಾಯಿ ಸಾರು."

ಸಾಹೇಬರು ತುತ್ತು ನುಂಗಿ ಪೆನ್ನು ತೆಗೆದರು. ಬರೆದರು, ಹೊಡೆದುಹಾಕಿದರು. ಮತ್ತೆ ಬರೆದರು, ಮತ್ತೆ ಹೊಡೆದುಹಾಕಿದರು. ಖಾಲಿ ತಟ್ಟೆ ಹಿಡಿದ ಮಕ್ಕಳು ಪುಸ್ತಕದ ಮೇಲೆ ಬಗ್ಗಿ ನಿಂತರು.

"ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲವೇ?" ಎಂದರು ಸಾಹೇಬರು.

"ಯಾಕ ನಡೆಯಂಗಿಲ್ರೀ? ಹಂಗಾದ್ರ ಈ ಮಕ್ಕಳಿಗೂ ನಡೀತೈತೇನ್ರೀ?"

ಸಾಹೇಬರು ಮಕ್ಕಳ ಕಡೆ ನೋಡದೆ ಆಗಲಿ ಎಂದು ತಲೆಯಾಡಿಸಿದರು.

ಎಲ್ಲರಿಗೂ ಹೊಟ್ಟೆತುಂಬ ಬಡಿಸಿದ ಮೇಲೆ ನೀಲವ್ವ ಮೂರನೇ ತರಗತಿಯ ತನ್ನ ಮೊಮ್ಮಗಳನ್ನು ಕರೆದು ಪುಸ್ತಕ ಕೊಟ್ಟಳು.

"ಬರಿಯವ್ವ, ಕನ್ನಡದಾಗ ಬರಿ. ಸಾಹೇಬರು ತಪ್ಪಿದರು, ಆದರೂ ಅವರಿಗೆ ಊಟ ಹಾಕಿದೆವು."