ಕೆಂಚವ್ವನ ಮರ್ಯಾದೆ ಮತ್ತು ದಾರಿಗೂಸು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ತಾವು ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಆಗಷ್ಟೇ ಗೊತ್ತಾಗಿತ್ತು. ಹಳ್ಳಗಳು ಹರಿಯುವುದನ್ನು ಕಲಿಯುತ್ತಿದ್ದವು. ದಾರಿ ಎನ್ನುವುದು ಮಾತ್ರ ಎಲ್ಲಿಯೂ ಇರಲಿಲ್ಲ. ಯಾರೂ ನಡೆದೇ ಇಲ್ಲವೆಂದ ಮೇಲೆ ದಾರಿ ಎಲ್ಲಿಂದ ಬರಬೇಕು, ಪುಟ್ಟಿ?

ಅದಕ್ಕೇ ಭೂಮಿತಾಯಿ ದಾರಿಗೂಸುಗಳನ್ನು ಮಾಡಿದಳು. ಹೊಸ ಜಾಗಕ್ಕೆ ಮೊದಲ ಸಲ ಕಾಲಿಡುವವರಿಗೆ ಅವೇ ಜೊತೆ. ಒಂದು ದಾರಿಗೂಸು ಮುಳ್ಳುಗಳನ್ನು ಪಕ್ಕಕ್ಕೆ ಸರಿಸುತ್ತಿತ್ತು. ಮತ್ತೊಂದು ಗವಿಯೊಳಗೆ ಮಿಣಿಮಿಣಿ ಬೆಳಕಾಗುತ್ತಿತ್ತು. ಕಣಿವೆ ಅಡ್ಡ ಬಂದರೆ ಇನ್ನೊಂದು ಗಾಳಿಯನ್ನು ಕೂಗಿ ಕರೆದು, ಮನುಷ್ಯರನ್ನು ಆಚೆಗೆ ತೇಲಿಸಿಬಿಡುತ್ತಿತ್ತು.

ಅವುಗಳಿಗೆ ಮೈ ಇರಲಿಲ್ಲ. ಕಾದ ಹಂಚಿನ ಮೇಲೆ ಗಾಳಿ ನಡುಗುತ್ತದಲ್ಲ, ಅಷ್ಟೇ ಕಾಣುತ್ತಿದ್ದವು. ಹಿಂದೆ ಬರುವವರಿಗೆ ಗುರುತು ಸಿಗಲಿ ಎಂದು ಒಂದು ಪುಟ್ಟ ಬಾಲ ಮಾತ್ರ ಇತ್ತು. ತಿನ್ನಲು ಬಾಯಿಲ್ಲ, ಹೊಟ್ಟೆಯಿಲ್ಲ, ಹಸಿವೆಂದರೆ ಏನೆಂದೇ ಗೊತ್ತಿಲ್ಲ. ನೆಲದೊಳಗೆ ಎಲ್ಲಿ ಏನಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ಒಂದೊಂದು ದಾರಿಗೂಸಿಗೂ ಒಂದೊಂದು ಗಡಿ. "ಗಡಿ ದಾಟಬ್ಯಾಡ್ರಿ. ದಾಟಿದವರು ನನ್ನ ಕೂಸಾಗಿ ಉಳಿಯೂದಿಲ್ಲ" ಎಂದು ಭೂಮಿತಾಯಿ ಹೇಳಿಬಿಟ್ಟಿದ್ದಳು.

ಆಗ ಕರಿಗುಡ್ಡ ಎಂಬಲ್ಲಿ ಒಂದಷ್ಟು ಜನ ಇದ್ದರು. ಬಹಳ ಮರ್ಯಾದೆಯ ಜನ. ಮನೆಗೆ ಬಂದವರು ಹೊರಟರೆ ಬಾಗಿಲಲ್ಲೇ ನಿಂತು ಕೈಮುಗಿಯುವವರಲ್ಲ. ಜೊತೆಗೆ ನಡೆದು ಊರ ಗಡಿಯವರೆಗೆ ಕಳಿಸಿ ಬರಬೇಕು. ಆಗ ಬಂದವರು, "ಅಯ್ಯೋ, ಇಷ್ಟು ದೂರ ಬಂದಿರಿ, ನಿಮ್ಮನ್ನ ಕಳಿಸಿ ಹೊಕ್ಕೀವಿ" ಎಂದು ಮತ್ತೆ ಮನೆಯವರೆಗೆ ಬರುವರು. ಹೀಗೆ ಬೆಳಿಗ್ಗೆ ಹೊರಟ ಬೀಗರು ಮಧ್ಯಾಹ್ನದ ಊಟಕ್ಕೂ ಅಲ್ಲೇ ಇರುತ್ತಿದ್ದರು. ನಗಬೇಡ. ನಿಮ್ಮಮ್ಮನೂ ಹೊರಟೆ ಹೊರಟೆ ಎನ್ನುತ್ತಾ ಬಾಗಿಲಲ್ಲಿ ಅರ್ಧ ತಾಸು ಮಾತಾಡುವವಳೇ.

ಒಂದು ವರ್ಷ ಕರಿಗುಡ್ಡದ ಬುಗ್ಗೆಯ ನೀರು ಉಪ್ಪಾಯಿತು. ದೊಡ್ಡವರು ಹೇಗೋ ಕಣ್ಣುಮುಚ್ಚಿ ಕುಡಿದರು. ಮಕ್ಕಳು ಕುಡಿದದ್ದನ್ನೆಲ್ಲ ಕಾರಿಕೊಂಡವು. ಕೆಂಚವ್ವ ಎಂಬವಳ ಮಗಳು ಗಂಗಿಗೆ ಎರಡು ವರ್ಷ. ಅವಳ ತುಟಿ ಒಡೆದಿತ್ತು, ಅಳಲೂ ತ್ರಾಣವಿರಲಿಲ್ಲ.

ಊರ ಹಿರಿಯಳು ಹುಲಿಗೆವ್ವ ಕೂಸನ್ನು ಮಡಿಲಿಗೆ ಹಾಕಿಕೊಂಡು ಹೇಳಿದಳು, "ಕೆಂಚೀ, ಹೊತ್ತು ಮುಳುಗೂದ್ರಾಗ ಸಿಹಿನೀರು ಬೇಕವ್ವ. ನಾಳೆ ಅಂದ್ರ ಈ ಕೂಸು ಉಳಿಯಾಂಗಿಲ್ಲ. ನಿನ್ನಷ್ಟು ಜೋರು ನಡಿಯೋರು ಯಾರೂ ಇಲ್ಲ, ಹೋಗು."

ಕೆಂಚವ್ವ ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಗುಡ್ಡದ ಕೆಳಗಿನ ಬತ್ತಿದ ಹಳ್ಳದಲ್ಲಿ ಯಾರೂ ನಡೆದಿರಲಿಲ್ಲ. ಅವಳು ಕಾಲಿಟ್ಟ ಕೂಡಲೇ ಅಲ್ಲಿನ ದಾರಿಗೂಸು ಎದ್ದು ಬಂತು.

"ನನ್ನ ಬಾಲ ನೋಡಕೋತ ಬಾ" ಎಂದಿತು.

ಬಾಲ ಮುಂದೆ, ಕೆಂಚವ್ವ ಹಿಂದೆ. ಜಾರುಬಂಡೆ ಬಂದಲ್ಲಿ ಬಾಲ ನಿಲ್ಲುತ್ತಿತ್ತು, ಕೆಂಚವ್ವ ಸುತ್ತಿಕೊಂಡು ಬರುತ್ತಿದ್ದಳು. ಹಾಗೆ ನಡೆದು ನಡೆದು ಒಂಟಿ ಬನ್ನಿಮರದ ಹತ್ತಿರ ಬಂದರು.

"ನನ್ನ ಗಡಿ ಮುಗೀತು," ಎಂದಿತು ದಾರಿಗೂಸು. "ಮುಂದಿನ ಜಾಗಕ್ಕ ಭೂಮಿತಾಯಿ ಇನ್ನೂ ಯಾರನ್ನೂ ಕೊಟ್ಟಿಲ್ಲ. ಆದ್ರ ಆ ಮರಳಿನ ಹೊಟ್ಟ್ಯಾಗ ಸಿಹಿನೀರು ಐತಿ. ನೀ ಹೋಗು, ನಾ ಹಿಂದಕ್ಕ ಹೊಕ್ಕೀನಿ."

ಕೆಂಚವ್ವ ಮುಂದೆ ನೋಡಿದಳು. ಬರೀ ಮರಳು. ಒಂದು ಹೆಜ್ಜೆ ಗುರುತಿಲ್ಲ. ಅವಳು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು.

"ಇಷ್ಟು ದೂರ ಕರಕೊಂಡು ಬಂದೀದಿ, ಹಂಗ ಹೆಂಗ ಬಿಡಲಿ? ನಡಿ, ನಿನ್ನ ಕಳಿಸಿ ಬರ್ತೀನಿ" ಎಂದು ಅದರ ಜೊತೆಗೇ ತಿರುಗಿದಳು.

ಹಳ್ಳದ ಶುರುವಿನವರೆಗೆ ಬಂದು ದಾರಿಗೂಸನ್ನು ಕಳಿಸಿದಳು. ಆದರೆ ನಡೆಯುವವರನ್ನು ಗಡಿ ಮುಟ್ಟಿಸುವುದು ದಾರಿಗೂಸಿನ ಕೆಲಸವಲ್ಲವೇ? ಅದು ಮತ್ತೆ ಅವಳನ್ನು ಬನ್ನಿಮರದವರೆಗೆ ತಂದು ಬಿಟ್ಟಿತು. ಕೆಂಚವ್ವ ಮತ್ತೆ ಅದನ್ನು ಕಳಿಸಲು ಹೋದಳು. ಅದು ಮತ್ತೆ ಅವಳನ್ನು ತಂದು ಬಿಟ್ಟಿತು. ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು.

ಬತ್ತಿದ ಹಳ್ಳಕ್ಕೆ ನೋಡಿ ನೋಡಿ ಸಿಟ್ಟು ಬಂತು. "ಏ, ಸಾಕು ಮಾಡ್ರಿ! ನಿಮ್ಮ ಮರ್ಯಾದಿ ಮುಗಿಯೂದ್ರಾಗ ಅಲ್ಲಿ ಕೂಸಿನ ಉಸಿರು ಮುಗದೀತು."

ಕೆಂಚವ್ವ ಬನ್ನಿಮರದ ಬುಡದಲ್ಲಿ ಕುಸಿದು ಕೂತಳು. ದುಃಖ ಒತ್ತರಿಸಿ ಬಂತು.

"ಮರ್ಯಾದಿ ಅಂದ್ಯಲ್ಲ, ಸುಳ್ಳು ಅದು," ಎಂದಳು. "ಒಬ್ಬಾಕಿನ ಹೋಗಾಕ ನನಗ ಅಂಜಿಕಿ. ಮಗಳು ಅಲ್ಲಿ ಸಾಯಾಕ ಹತ್ಯಾಳ, ನಾ ಇಲ್ಲಿ ಅಂಜಕೋತ ಕುಂತೀನಿ. ಎಂಥಾ ತಾಯಿ ನಾನು!"

ಅಂಜಿಕೆ ಎಂದರೇನೆಂದು ದಾರಿಗೂಸಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಈಗ ತನ್ನ ಗಡಿಯ ಆಚೆ ನೋಡಿತು. ಅದರ ಬಾಲ ನಡುಗಿತು.

"ನನಗೂ ಅಂಜಿಕಿ ಆಗಾಕತ್ತೈತಿ," ಎಂದಿತು. "ಇಬ್ರೂ ಕೂಡೇ ಹೋಗೋಣು ನಡಿ."

ದಾರಿಗೂಸು ಗಡಿ ದಾಟಿತು.

ಒಂದು ಹೆಜ್ಜೆ ಇಟ್ಟಿತು, ಕಡ್ಡಿಯಂಥ ಎರಡು ಕಾಲು ಬಂದವು. ಸುಡುವ ಮರಳು ಚುರ್ರೆಂದಿತು. ಇನ್ನೊಂದು ಹೆಜ್ಜೆ ಇಟ್ಟಿತು, ಕಪ್ಪು ರೆಕ್ಕೆ, ಬಿಳಿ ಹೊಟ್ಟೆ ಬಂದವು. ಮೂರನೆಯ ಹೆಜ್ಜೆಗೆ ಚೂಪಾದ ಕೊಕ್ಕು ಬಂತು. ಅಷ್ಟರಲ್ಲಿ ನೆಲದೊಳಗಿನ ಸಂಗತಿಯೆಲ್ಲ ಅದಕ್ಕೆ ಮರೆತುಹೋಗಿತ್ತು.

"ನೀರು ಎಲ್ಲೈತಿ?" ಎಂದು ಕೇಳಿದಳು ಕೆಂಚವ್ವ.

"ನೀರು ಅಂದ್ರ?" ಎಂದಿತು ಆ ಹಕ್ಕಿ. "ನನಗ ಹೊಟ್ಟ್ಯಾಗ ಏನೋ ಆಗಾಕತ್ತೈತಿ."

"ಅಯ್ಯ ನನ್ನ ಕೂಸ, ಅದು ಹಸಿವು," ಎಂದಳು ಕೆಂಚವ್ವ. ಎಲ್ಲವನ್ನೂ ತಿಳಿದಿದ್ದ ಜೀವ ಅವಳಿಗಾಗಿ ಏನೂ ತಿಳಿಯದ್ದಾಗಿತ್ತು. ಅದಕ್ಕೆ ಕೊಡಲು ಅವಳ ಹತ್ತಿರ ಒಂದು ಕಾಳೂ ಇರಲಿಲ್ಲ.

ಹಕ್ಕಿ ಹಸಿವಿನಿಂದ ಅತ್ತಿತ್ತ ಓಡಾಡಿತು. ಒಣಮರಳಿನಲ್ಲಿ ಕುಕ್ಕಿತು, ಏನೂ ಸಿಗಲಿಲ್ಲ. ಇನ್ನಷ್ಟು ಮುಂದೆ ಓಡಿತು, ಅಲ್ಲೂ ಇಲ್ಲ. ಹಳ್ಳ ಬಾಗುವ ಕಡೆ ಹೋಗಿ ಕುಕ್ಕಿದಾಗ ಒಂದು ಸಣ್ಣ ಹುಳ ಸಿಕ್ಕಿತು. ಇನ್ನೊಂದು ಸಿಕ್ಕಿತು. ಅದು ಅಲ್ಲಿಂದ ಕದಲಲೇ ಇಲ್ಲ.

ಕೆಂಚವ್ವ ನೋಡುತ್ತಾ ನಿಂತಳು. ಸುತ್ತೆಲ್ಲ ಸುಡುವ ಮರಳು, ಆ ಒಂದು ಜಾಗದಲ್ಲಿ ಮಾತ್ರ ಯಾಕೆ ಹುಳ? ಓಡಿಹೋಗಿ ಕೈಯಿಟ್ಟು ನೋಡಿದಳು. ಮರಳು ತಣ್ಣಗಿತ್ತು.

ಎರಡೂ ಕೈಯಿಂದ ಬಗೆದಳು. ಮೊಣಕೈಯಾಳ ಬಗೆದಳು, ಬರೀ ಹಸಿ. ತೋಳಿನಾಳ ಬಗೆದಳು. ಉಗುರು ಕಿತ್ತು ರಕ್ತ ಬಂತು. ಆಗ ಗುಂಡಿಯ ತಳದಲ್ಲಿ ನೀರು ಮೆಲ್ಲಗೆ ಒಸರಿತು. ನಾಲಿಗೆಗೆ ಹಚ್ಚಿ ನೋಡಿದಳು. ಸಿಹಿ! ಮರಳಲ್ಲಿ ಬಗೆದ ಇಂಥ ಗುಂಡಿಗೇ ನಾವು ಒರತೆ ಎನ್ನುವುದು. ಅದೇ ಲೋಕದ ಮೊದಲ ಒರತೆ.

ಮೊದಲ ಬೊಗಸೆಯನ್ನು ಹಕ್ಕಿಯ ಮುಂದೆ ಹಿಡಿದಳು. ಅದು ಕೊಕ್ಕು ಅದ್ದಿ, ತಲೆ ಎತ್ತಿ ನುಂಗಿತು. ಆಮೇಲೆ ಬುರುಡೆ ತುಂಬಿಕೊಂಡು ಕೆಂಚವ್ವ ಬೇಗಬೇಗ ಹಿಂದಿರುಗಿದಳು.

ಹಕ್ಕಿಗೆ ದಾರಿ ಮರೆತಿತ್ತು, ಕೆಲಸ ಮರೆತಿರಲಿಲ್ಲ. ಅವಳ ಮುಂದೆ ಮುಂದೆ ಓಡಿತು. ನಿಂತಿತು. ತಿರುಗಿ ನೋಡಿ ಬಾಲ ಕುಣಿಸಿತು. ಅವಳು ಹತ್ತಿರ ಬಂದೊಡನೆ ಮತ್ತೆ ಓಡಿತು.

ಬನ್ನಿಮರ ಬಂತು. ಹಕ್ಕಿ ಅಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿತು. ಅದರ ಊಟ, ನೀರು ಎಲ್ಲ ಈಗ ಒರತೆಯ ಹತ್ತಿರ. "ನೀ ಹೋಗು, ಇನ್ನ ಒಬ್ಬಾಕಿನ ಹೋಗೂದು ನಿನ್ನ ಕೈಲೆ ಆಗತೈತಿ," ಎಂದು ಎದ್ದು, ಕೆಂಚವ್ವನ ತಲೆಯ ಮೇಲಿಂದ ಅಲೆಅಲೆಯಾಗಿ ಹಾರುತ್ತಾ ಹಿಂದಕ್ಕೆ ಹೊರಟಿತು.

ಕೆಂಚವ್ವನ ಕಾಲು ತನ್ನಷ್ಟಕ್ಕೆ ತಿರುಗಿತು. ಕಳಿಸಿ ಬರಬೇಕಲ್ಲ! ಈ ಸಲ ಅದು ಅಂಜಿಕೆಯಲ್ಲ, ಪ್ರೀತಿ. ಆದರೆ ಹೊತ್ತು ಗುಡ್ಡದ ಅಂಚಿಗೆ ಬಂದಿತ್ತು. ಅವಳು ಕಣ್ಣೊರೆಸಿಕೊಂಡು ಊರ ಕಡೆ ನಡೆದಳು. ಕರಿಗುಡ್ಡದವರಲ್ಲಿ ಬಂದವರನ್ನು ಕಳಿಸದೆ ಹೋದ ಮೊದಲನೆಯವಳು ಅವಳೇ. ಹೊತ್ತು ಮುಳುಗುವಷ್ಟರಲ್ಲಿ ಮನೆ ಮುಟ್ಟಿದಳು. ಗಂಗಿ ತಾಯಿಯ ಬೆರಳಿನ ತುದಿಯಿಂದ ಒಂದು ಹನಿ ಚೀಪಿದಳು, ಎರಡು ಹನಿ ಚೀಪಿದಳು, ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಜೋರಾಗಿ ಅತ್ತಳು. ಆ ಅಳು ಕೇಳಿ ಊರೆಲ್ಲ ನಕ್ಕಿತು.

ಅದಕ್ಕೇ ಪುಟ್ಟಿ, ಇವತ್ತಿಗೂ ನೀನು ಹಳ್ಳದ ಮರಳಲ್ಲಿ ನಡೆದರೆ ಆ ಕಪ್ಪುಬಿಳಿ ಹಕ್ಕಿ ನಿನ್ನ ಮುಂದೆ ಓಡುತ್ತದೆ, ನಿಂತು ಬಾಲ ಕುಣಿಸುತ್ತದೆ, ನೀನು ಬಂದೆಯಾ ಎಂದು ನೋಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನಿನ್ನ ತಲೆಯ ಮೇಲಿಂದ ಹಾರಿ ಹಿಂದಕ್ಕೆ ಹೋದರೆ, ನಿನ್ನ ಕೈಲಿ ಆಗುತ್ತದೆಂದು ಅದಕ್ಕೆ ಗೊತ್ತಾಗಿದೆ ಎಂದು ತಿಳಿದು ಮುಂದೆ ನಡೆಯಬೇಕು.